ಮೇಲಿನ ಒಂದು ಬೆರಳು ನೀರು

ಅಟ್ಟಣೆಯಿಂದ ಇಳಿದು, ಮಗಳ ಪಕ್ಕದಲ್ಲಿ ಮಲಗಿದ ಇಪ್ಪತ್ತು ದಿನದ ಕೂಸಿನ ತುಟಿಗೆ ಬೆರಳು ತಾಗಿಸಿ ಪಸೆ ಇದೆಯೇ ನೋಡುವುದು. ಹಗ್ಗದ ಮೇಲಿನ ಗಂಡನ ಬಿಳಿ ಅಂಗಿಯ ಕತ್ತುಪಟ್ಟಿಗೆ ಬೂದಿ ಉಜ್ಜಿ ಕೊಡವುವುದು. ಕಡಲಲ್ಲಿ ಒಗೆದರೆ ಅಂಗಿ ಹಪ್ಪಳದ ಹಾಗೆ ಸೆಟೆಯುತ್ತದೆ ಎಂದು ಅವನು ಗೊಣಗುತ್ತಾನೆ. ಅಂಗಳದಲ್ಲಿ ಉದುರಿದ ಜೀಗುಜ್ಜೆ ಎಲೆ ಗುಡಿಸಿ, ಅದನ್ನೇ ಬುಟ್ಟಿಗೆ ತುಂಬಿ ಕೆಸವಿನ ಗುಂಡಿಗೆ ಸುರಿದು ಬರುವುದು. ಹಂದಿಗೆ ಕಾಯಿಯ ಚರಟದಲ್ಲಿ ಉಳಿದದ್ದನ್ನು ಕೆರೆದು ಹಾಕುವುದು. ಸಿಪ್ಪೆ ಕೂಡಿಸಿ ಒಲೆ ಹೊತ್ತಿಸುವುದು. ಹವಳದ ದಿಬ್ಬದೊಳಗೆ ತಣ್ಣಗೆ ನಿಂತ ಒಳಗಡಲ ಅಂಚಿನಲ್ಲಿ ಕಲ್ಲು ಹೇರಿ ನೆನೆಹಾಕಿದ ಕೇದಗೆ ಎಲೆಯನ್ನು ಎಳೆದು ತಂದು ಹರವುವುದು. ಆಮೇಲೆ ಬಾವಿ.

ಬಾವಿಯ ಕೆಲಸವೇ ದೊಡ್ಡದು. ಬಕೆಟ್ಟು ಇಳಿಸುವಂತಿಲ್ಲ. ಉದ್ದನೆಯ ದಾರಕ್ಕೆ ಕಟ್ಟಿದ ಮೀನಿನ ಡಬ್ಬಿ, ಅಂಗೈಯಷ್ಟು ಅಗಲ, ಎರಡು ಬೆರಳು ಆಳ. ಅದರ ಒಂದು ಬದಿಗೆ ಹವಳದ ಚೂರು ಕಟ್ಟಿದ್ದಳು, ಡಬ್ಬಿ ನೀರ ಮೇಲೆ ಕೂತು ಓರೆಯಾಗಿ ಮೇಲಿನ ಪದರವನ್ನಷ್ಟೇ ಹೀರಲಿ ಎಂದು. ಹತ್ತು ಡಬ್ಬಿ ಸೇದಿದ ಮೇಲೆ ನಿಲ್ಲಿಸಬೇಕು. ಕದಡಿದ ನೀರು ಮತ್ತೆ ತನ್ನ ಜಾಗಕ್ಕೆ ಬರಲು ಹತ್ತು ಮಣಿ ಜಪ ಹೇಳುವಷ್ಟು ಹೊತ್ತು ಬೇಕು. ಹತ್ತು ಡಬ್ಬಿ, ಹತ್ತು ಮಣಿ, ಮತ್ತೆ ಹತ್ತು ಡಬ್ಬಿ. ಬೇರೆ ಹೆಂಗಸರು ಜಪಮಾಲೆಯನ್ನು ಮಂಡಿಯೂರಿ ಹೇಳಿದರೆ ಅಕೆನೇತೆ ಬಾವಿಕಟ್ಟೆಗೆ ಹೊಟ್ಟೆ ಆನಿಸಿ ಹೇಳುತ್ತಿದ್ದಳು. ಹಾಗೆ ಏಳು ಬಾಟಲಿ ತುಂಬಿಸಿ, ಒಂದನ್ನು ಮಗಳಿಗಿಟ್ಟು, ಉಳಿದ ಆರನ್ನು ಬಾಣಂತಿಯರೂ ಹಾಲು ಕುಡಿಯುವ ಮಕ್ಕಳೂ ಇದ್ದ ಆರು ಮನೆಗಳ ಅಟ್ಟಣೆಯ ಕಾಲಿಗೆ ಒರಗಿಸಿಟ್ಟು, ಖಾಲಿ ಬಾಟಲಿ ಎತ್ತಿಕೊಂಡು ವಾಪಸು ಬರುವ ಹೊತ್ತಿಗೆ ಪೂರ್ವದಲ್ಲಿ ಬೂದು ಬಣ್ಣ ಕಾಣುತ್ತಿತ್ತು.

ಆಗ ಅವಳ ಗಂಡ ಯೋತೇಬಾ ತೆಂಗಿನ ಮರದ ತುದಿಯಲ್ಲಿ ನೀರಾ ಇಳಿಸುತ್ತ ದೇವರ ಹಾಡು ಹಾಡುತ್ತಿರುತ್ತಿದ್ದ. ಒಳ್ಳೆಯ ಕಂಠ. ತೆಬಾಂಗಾ ಊರು ಆ ದನಿಗೆ ಕಣ್ಣು ಬಿಡುತ್ತಿತ್ತು. ಮರದಿಂದ ಇಳಿದು ಬಂದು, ಬಿಳಿ ಅಂಗಿ ತೊಟ್ಟು, ಇಗರ್ಜಿಯ ಗಂಟೆ ಬಾರಿಸಿ ಬೆಳಗಿನ ಪ್ರಾರ್ಥನೆ ನಡೆಸುತ್ತಿದ್ದ. ಊರಿಗೆ ಪಾದ್ರಿ ವರ್ಷಕ್ಕೆ ಎರಡು ಸಲ ದೋಣಿಯಲ್ಲಿ ಬರುವವರು; ಉಳಿದ ದಿನ ಎಲ್ಲದಕ್ಕೂ ಉಪದೇಶಿ ಯೋತೇಬಾನೇ. ಆರು ಮನೆಯ ಬಾಣಂತಿಯರು ಪ್ರಾರ್ಥನೆ ಮುಗಿದ ಮೇಲೆ ಅವನ ಕೈ ಹಿಡಿದು, ನೀವು ಕಳಿಸಿದ ನೀರಿಂದ ಮಗು ಉಳಿಯಿತು ಎನ್ನುತ್ತಿದ್ದರು. ಅವನು ಆಕಾಶದ ಕಡೆ ಕೈ ತೋರಿಸುತ್ತಿದ್ದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಯಾರು ಕೊಟ್ಟರೂ ಕೊಡುವವನು ದೇವರೇ ಎಂದು ಅವನು ನಂಬಿದ್ದ. ನಡುವೆ ಒಂದು ಸೊಂಟ, ಎರಡು ತೋಳು ಇರುವುದು ಅವನ ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೇ.

ಅಕೆನೇತೆ ಹುಟ್ಟಿದ್ದು ದಕ್ಷಿಣದ ದ್ವೀಪದಲ್ಲಿ, ಮಳೆ ಅತಿಥಿಯ ಹಾಗೆ ಬಂದು ಹೋಗುವ ಕಡೆ. ಎಂಟು ವರ್ಷದವಳಾಗಿದ್ದಾಗ ಎರಡು ವರ್ಷ ಹನಿ ಬಿದ್ದಿರಲಿಲ್ಲ. ಆಗ ತಾಯಿ ಅವಳನ್ನು ಬಾವಿಯ ಪಕ್ಕ ಕೂರಿಸಿ ಇದೇ ಕೆಲಸ ಕಲಿಸಿದ್ದಳು. ನೆಲದಡಿ ಇರುವುದೆಲ್ಲ ಕಡಲೇ, ಅದರ ಮೇಲೆ ಮಳೆಯ ನೀರು ತೆಳ್ಳನೆ ಬಟ್ಟೆಯ ಹಾಗೆ ಹಾಸಿಕೊಂಡಿದೆ, ಎಳೆದರೆ ಹರಿಯುತ್ತದೆ, ಮೃದುವಾಗಿ ಎತ್ತಿದರೆ ಬರುತ್ತದೆ ಎಂದು. ದಾರಿ ತಪ್ಪಿ ಬಂದ ದೋಣಿಯವರಿಗೂ ತಾಯಿ ಅದೇ ಡಬ್ಬಿಯಲ್ಲಿ ಸೇದಿ ಕೊಟ್ಟಳು, ತಾನು ಆ ದಿನ ಕುಡಿಯಲಿಲ್ಲ. ಕೊಡುವುದೇನು, ಯಾರು ಬೇಕಾದರೂ ಕೊಡಬಹುದು, ನಾಳೆ ಬಂದವರಿಗೂ ಇರುವ ಹಾಗೆ ಕೊಡಬೇಕು ಎಂದಳು. ಅಕೆನೇತೆಯ ಧರ್ಮೋಪದೇಶ ಅಲ್ಲಿಗೆ ಮುಗಿದಿತ್ತು. ಆಮೇಲೆ ಇಗರ್ಜಿಯಲ್ಲಿ ಕೇಳಿದ್ದೆಲ್ಲ ಅದಕ್ಕೆ ಹೊಂದಿಕೊಂಡೇ ಇತ್ತು.

ಹತ್ತೊಂಬತ್ತಕ್ಕೆ ಯೋತೇಬಾನನ್ನು ಮದುವೆಯಾಗಿ ತೆಬಾಂಗಾಕ್ಕೆ ಬಂದಳು. ಮೂವತ್ತೊಂದು ವರ್ಷವಾಯಿತು. ಬುಬುಸಿ, ಇದು ನನಗೆ ಬೇಕು ಎಂದು ಯಾರಾದರೂ ಬಂದು ಕೇಳಿದರೆ ಇಲ್ಲ ಎನ್ನುವುದು ಆ ದ್ವೀಪಗಳಲ್ಲಿ ಯಾರಿಗೂ ಆಗದ ಮಾತು. ಹಾಗೆಂದ ಮುಖವನ್ನು ಆಮೇಲೆ ಎಲ್ಲಿಯೂ ತೋರಿಸುವಂತಿಲ್ಲ. ಆದರೂ ಬುದ್ಧಿವಂತರು ಕೇಳುವವರು ಬರುವುದನ್ನು ದೂರದಿಂದಲೇ ಕಂಡು, ಒಳ್ಳೆಯ ವಸ್ತುಗಳನ್ನು ಚಾಪೆ ಮುಚ್ಚಿ ಇಡುತ್ತಾರೆ. ಯೋತೇಬಾ ಮುಚ್ಚಿಟ್ಟವನಲ್ಲ. ಸೈಕಲ್ಲು ಹೋಯಿತು, ದೊಡ್ಡ ಪಾತ್ರೆ ಹೋಯಿತು, ಮರಿ ಹಾಕಲಿದ್ದ ಹಂದಿ ಹೋಯಿತು. ಒಂದು ದಿನ ಅಕೆನೇತೆ ಕೆಸವಿನ ಗುಂಡಿಯಿಂದ ಮೊಣಕಾಲುದ್ದ ಕೆಸರು ಮೆತ್ತಿಕೊಂಡು ಬರುವಾಗ ಎದುರಿಗೆ ಅವಳ ಹೊಲಿಗೆ ಯಂತ್ರ ಕೈಗಾಡಿಯಲ್ಲಿ ಕೂತು ಬರುತ್ತಿತ್ತು. ಅವಳು ದಾರಿ ಬಿಟ್ಟು ನಿಂತಳು. ಅವತ್ತಿನಿಂದ ಇಗರ್ಜಿಯ ಪೀಠದ ಬಟ್ಟೆ, ಗಂಡನ ಅಂಗಿ, ಮಗಳ ಲಂಗ ಎಲ್ಲವನ್ನೂ ಕೈಯಲ್ಲೇ ಹೊಲಿದಳು. ಯೋತೇಬಾನ ಕೈ ಯಾವತ್ತೂ ತೆರೆದೇ ಇರುತ್ತದೆ ಎಂದು ಊರು ಹೊಗಳಿದಾಗ ಮಗಳು ಮೇರೆಗೆ ಮಾತ್ರ ಕೇಳುವ ಹಾಗೆ, "ಅವರ ಕೈ ತೆರೆದಿರುತ್ತೆ ಕಣೆ, ಅದರ ಕೆಳಗೆ ನನ್ನ ಕೈ ಇರುತ್ತೆ," ಎಂದು ನಗುತ್ತಿದ್ದಳು. ಆಗ ನಗು ಬರುತ್ತಿತ್ತು.

ಇದು ಮೂರನೆಯ ಒಣ ವರ್ಷ. ಎಳನೀರು ಮುಷ್ಟಿ ಗಾತ್ರಕ್ಕೆ ಇಳಿದಿತ್ತು, ಜೀಗುಜ್ಜೆ ಮರ ಕಾಯಿಯ ಬದಲು ಎಲೆ ಉದುರಿಸುತ್ತಿತ್ತು. ಬಾವಿಗಳು ಒಂದೊಂದಾಗಿ ಕಡಲು ಬೆರೆತು ಸಪ್ಪೆಯುಪ್ಪಾದವು. ದೊಡ್ಡವರು ಮುಖ ಸಿಂಡರಿಸಿ ಅದನ್ನೇ ಕುಡಿದರು. ಹೊಟ್ಟೆ ಹಿಡಿದುಕೊಂಡರೂ ಬದುಕಿದರು. ಹಾಲು ಕುಡಿಯುವ ಕೂಸುಗಳಿಗೆ ಅದು ಆಗಲಿಲ್ಲ. ತಾಯಂದಿರ ಎದೆ ಒಣಗಿತು.

ಕೊನೆಗೆ ಸಿಹಿಯಾಗಿ ಉಳಿದದ್ದು ಎರಡೇ: ಇಗರ್ಜಿಯ ಬಾವಿ ಮತ್ತು ಅಕೆನೇತೆಯ ಬಾವಿ. ಊರ ಸಂತರ ಹಬ್ಬಕ್ಕೆ ಇಗರ್ಜಿಯ ಬಾವಿಗೆ ಕೈಪಂಪು ಕೂರಿಸಿದರು, ಅದರ ಕೊಳವೆ ತಳದವರೆಗೆ ಇಳಿಯಿತು. ಯಾರೂ ಬಾಯಾರಿ ಹೋಗಬಾರದು ಎಂದು ಯೋತೇಬಾ ಸಾರಿದ. ಹುಡುಗಿಯರು ನಗುತ್ತ ಸರದಿಯಲ್ಲಿ ಪಂಪು ಹೊಡೆದರು. ನಾಲ್ಕನೆಯ ದಿನ ಹಿರಿಯ ತವಾಯಾ ಅಜ್ಜ ನೀರನ್ನು ನಾಲಗೆಗೆ ಮುಟ್ಟಿಸಿ ಮರಳಿಗೆ ಉಗಿದ. ಅಜ್ಜ ಉಗಿದ ಬಾವಿಗೆ ಗರಿ ಮುಚ್ಚಬೇಕು, ಮಳೆ ಬಂದು ಅದು ತಾನಾಗಿ ವಾಸಿಯಾಗುವವರೆಗೆ ಒಬ್ಬರೂ ಮುಟ್ಟಬಾರದು. ಹಿಂದಿನಿಂದ ಬಂದ ಕಟ್ಟು ಅದು, ಯಾರೂ ಮೀರುವುದಿಲ್ಲ. ಮುಂದಿನ ಮೂರು ವಾರದಲ್ಲಿ ಇಗರ್ಜಿಯ ಹಿಂದೆ ಬಿಳಿ ಹವಳದ ಕಲ್ಲು ಸುತ್ತಿದ ಮೂರು ಚಿಕ್ಕ ಗೋರಿಗಳಾದವು. ಊರಿನ ಪಾಪಕ್ಕೆ ಎಂದರು. ಅಕೆನೇತೆ ಆ ಮೂರು ಕೂಸುಗಳಿಗೂ ಬಟ್ಟೆ ಹೊಲಿದಳು, ಕೈಯಲ್ಲೇ.

ಅವತ್ತಿನಿಂದ ತನ್ನ ಬಾವಿಯನ್ನು ಅವಳು ಯಾರಿಗೂ ಸೇದಲು ಬಿಡಲಿಲ್ಲ. ಕೇಳಿ ಬಂದವರಿಗೆ ತಾನೇ ಸೇದಿ ಕೊಟ್ಟಳು. ಕಾದು ನಿಲ್ಲುವುದು ಸಾಕಾಗಿ ಅನೇಕರು ಬರುವುದು ಬಿಟ್ಟರು, ಅವಳಿಗೆ ಅದೂ ಬೇಕಾಗಿತ್ತು. ರೇಡಿಯೋದಲ್ಲಿ ನೀರಿನ ಹಡಗು ಬರುತ್ತದೆ ಎಂದರು, ಮುಂದೆ ಹಾಕಿದರು, ಮತ್ತೆ ಹಾಕಿದರು. ಈಗ ಹತ್ತು ದಿನ ಎಂದಿದ್ದರು. ಹತ್ತು ದಿನ ಹೀಗೆ ಎಳೆಯಬಹುದು ಎಂದು ಅವಳ ಲೆಕ್ಕ.

ಶುಕ್ರವಾರ ಸಂಜೆ ಚಾವಡಿಯಿಂದ ಯೋತೇಬಾ ಕಣ್ಣು ಒದ್ದೆ ಮಾಡಿಕೊಂಡು ಬಂದ. ಅವಳು ಒಲೆಯ ಮುಂದೆ ಮೀನಿನ ಹುರುಪೆ ತೆಗೆಯುತ್ತಿದ್ದಳು. ಎರಡು ಮೈಲಿ ಆಚೆಯ ನಿಕುರಾ ಊರಿನ ಹಿರಿಯರು ಬಂದಿದ್ದರಂತೆ. ಅಲ್ಲಿ ಒಂದು ಬಾವಿಯೂ ಉಳಿದಿಲ್ಲವಂತೆ. ಮುದುಕರು ಚಾವಡಿಯ ನಡುವೆ ತಲೆ ತಗ್ಗಿಸಿ ಕೂತು ಬುಬುಸಿ ಕೇಳಿದರಂತೆ.

"ಕೊಟ್ಟುಬಿಟ್ಟೆ ಕಣೇ," ಎಂದ.

"ಏನನ್ನ?"

"ಬಾವೀನ. ಸೋಮವಾರ ಬೆಳಗ್ಗೆಯಿಂದ ಅವರಿಗೂ ನಮ್ಮೋರಿಗೂ ಎಲ್ಲಾರಿಗೂ. ಇಗರ್ಜಿ ಪಂಪನ್ನ ಕಿತ್ತು ತಂದು ನಮ್ಮದಕ್ಕೆ ಕೂರಿಸ್ತಾರೆ. ನಿನಗೂ ಸೇದೋ ಕಷ್ಟ ತಪ್ಪುತ್ತೆ."

ಅವಳ ಕೈಯಲ್ಲಿ ಮೀನು ಹಾಗೇ ನಿಂತಿತು. ನಿಕುರಾದಲ್ಲಿ ಎಷ್ಟು ಮನೆ ಎಂದು ಕೇಳಿದಳು. ಮನೆ ಎಣಿಸಲು ತಾನೇನು ಸರ್ಕಾರದವನೇ ಎಂದು ಅವನು ನಕ್ಕ.

"ನೀವು ಯಾವತ್ತಾದ್ರೂ ನಮ್ಮ ಬಾವಿಗೆ ದಾರ ಇಳಿಸಿದೀರಾ?"

"ನೀನಿದೀಯಲ್ಲ," ಎಂದ ಅವನು. ಅದನ್ನು ಮೆಚ್ಚುಗೆಯಾಗಿಯೇ ಹೇಳಿದ್ದ.

ಅಕೆನೇತೆ ಕೈ ತೊಳೆಯದೆ ಎದ್ದಳು. ಒಂದು ಚಿಪ್ಪಿನಲ್ಲಿ ಕಡಲ ನೀರು ಹಾಕಿ, ಅದರ ಮೇಲೆ ಮೆಲ್ಲಗೆ ಕೊಬ್ಬರಿ ಎಣ್ಣೆ ಬಿಟ್ಟಳು. ಎಣ್ಣೆ ತೆಳ್ಳಗೆ ಹರಡಿ ನಿಂತಿತು. ಆ ಎಣ್ಣೆಯೇ ಸಿಹಿನೀರು ಎಂದುಕೊಳ್ಳಿ ಎಂದು ಹೇಳಿ, ಚಮಚವನ್ನು ಓರೆಯಾಗಿ ಆನಿಸಿ ಎಣ್ಣೆ ಮಾತ್ರ ಎತ್ತಿ ತೋರಿಸಿದಳು. ಆಮೇಲೆ ಲೋಟವನ್ನು ತಳಕ್ಕೆ ಒತ್ತಿ ಎತ್ತಿದಳು. ಲೋಟದಲ್ಲಿ ಬರೀ ಕಡಲಿತ್ತು, ಚಿಪ್ಪಿನಲ್ಲಿ ಎಣ್ಣೆ ಚೂರುಚೂರಾಗಿ ತೇಲುತ್ತಿತ್ತು. ಯೋತೇಬಾ ಬಗ್ಗಿ ಚಿಪ್ಪಿನೊಳಗೆ ನೋಡಿದ. ಅವನು ದಡ್ಡನಲ್ಲ.

"ನೀನು ಹೇಳೋದು ನಿಜಾನೇ ಇರಬಹುದು," ಎಂದ. "ಆದ್ರೆ ಚಾವಡೀಲಿ ಮಾತು ಕೊಟ್ಟಾಗಿದೆ. ಆ ಮುದುಕರ ಮನೆಗೆ ಹೋಗಿ, ನನ್ನ ಹೆಂಡ್ತಿ ಬೇಡ ಅಂದ್ಲು ಅನ್ಲಾ?"

"ಅನ್ನಿ."

"ಆಮೇಲೆ ಪೀಠದ ಮುಂದೆ ನಿಂತು ಜನಕ್ಕೆ ಏನು ಹೇಳ್ಲಿ, ಅಕೆನೇತೆ? ನೀರು ಕೇಳ್ದೋರಿಗೆ ಇಲ್ಲ ಅಂದೆ, ಆದ್ರೂ ನನ್ನ ಮಾತು ಕೇಳಿ ಅನ್ಲಾ?"

ಅವಳು ಮತ್ತೆ ಮೀನಿನ ಮುಂದೆ ಕೂತಳು. ಅವತ್ತಿನಿಂದ ಅವನು ತನ್ನ ಪಾಲಿನ ನೀರನ್ನು ಮೇರೆಯ ಲೋಟಕ್ಕೆ ಸುರಿಯತೊಡಗಿದ. ಅವನ ತುಟಿ ಆಗಲೇ ಸೀಳಿತ್ತು. ಬೇಕಾದರೆ ಬಾಯಾರಿಯೇ ಸಾಯುತ್ತಾನೆ, ಸಂತೋಷವಾಗಿ ಸಾಯುತ್ತಾನೆ, ಆದರೆ ಇಲ್ಲ ಎನ್ನಲಾರ. ಇಂಥವನ ಮೇಲೆ ಸಿಟ್ಟಾದರೂ ಹೇಗೆ ಮಾಡುವುದು ಎಂದು ಅವಳಿಗೆ ಅದಕ್ಕೇ ಸಿಟ್ಟು ಬಂತು.

ಶನಿವಾರ ಸ್ತ್ರೀ ಸಂಘದ ಹೆಂಗಸರು ಇಗರ್ಜಿಯ ನೆರಳಲ್ಲಿ ಕೂತು, ನಿಕುರಾದವರನ್ನು ಕೂರಿಸಲು ಗರಿಯ ಚಾಪೆ ಹೆಣೆಯುತ್ತಿದ್ದರು. ಅಕೆನೇತೆ ಅಲ್ಲಿ ಬಾಯಿ ಬಿಟ್ಟಳು. ಪಂಪು ಬೇಡ. ಹೆಂಗಸರೇ ಸರದಿಯಲ್ಲಿ ಚಿಕ್ಕ ಡಬ್ಬಿಯಿಂದ ಸೇದೋಣ, ಎರಡೂ ಊರಿನ ಬಾಣಂತಿ ಕೂಸುಗಳಿಗೆ ಮೊದಲು, ದೊಡ್ಡವರು ಇನ್ನು ಹತ್ತು ದಿನ ಸಪ್ಪೆಯುಪ್ಪನ್ನೇ ಕುಡಿಯೋಣ ಎಂದಳು. ಹೇಗೆ ಸೇದುವುದೆಂದು ತಾನು ಕಲಿಸುತ್ತೇನೆ ಎಂದಳು.

ಸಂಘದ ಯಜಮಾನಿ ಬೋತಿಕಾ ಹಲ್ಲಿನಲ್ಲಿ ಗರಿ ಸೀಳುತ್ತ ಕೇಳಿಸಿಕೊಂಡಳು. ಬೋತಿಕಾಳ ಬಾಯಿಗೆ ಸಿಕ್ಕಿದವರು ವರ್ಷಗಟ್ಟಲೆ ಅದೇ ಹೆಸರಿನಿಂದ ಕರೆಸಿಕೊಳ್ಳಬೇಕಾಗುತ್ತಿತ್ತು.

"ನೋಡ್ರೇ, ನಮ್ಮ ಉಪದೇಶಿ ಹೆಂಡ್ತಿ ಪುಣ್ಯಾನ ಮೀನಿನ ಡಬ್ಬೀಲಿ ಅಳೀತಾಳೆ," ಎಂದಳು. "ಗಂಡ ಸ್ವರ್ಗದ ಬಾಗಿಲು ಹಾರು ಹೊಡೆದಿಟ್ರೆ, ಇವಳು ಹಿಂದಿನಿಂದ ಚಿಲಕ ಹುಡುಕ್ತಾಳೆ."

ಹೆಂಗಸರು ನಕ್ಕರು. ಅವಳಿಂದ ದಿನಾ ಬಾಟಲಿ ಪಡೆಯುತ್ತಿದ್ದ ಇಬ್ಬರು ಬಾಣಂತಿಯರೂ ನಕ್ಕರು, ತಲೆ ತಗ್ಗಿಸಿ.

ಅಕೆನೇತೆ ಹೇಳಬಾರದೆಂದು ಇಟ್ಟುಕೊಂಡಿದ್ದನ್ನು ಹೇಳಿದಳು. "ನಿಮ್ಮಣ್ಣನ ಮೊಮ್ಮಗೂನ ಹೂತು ಎಷ್ಟು ವಾರ ಆಯ್ತು, ಬೋತಿಕಾ?"

ಬೋತಿಕಾ ಬಾಯಿಂದ ಗರಿ ತೆಗೆದಳು.

"ಅದು ದೇವರು ಕರಕೊಂಡದ್ದು," ಎಂದಳು ಬೋತಿಕಾ.

"ಪಂಪು ಕರಕೊಂಡದ್ದು."

ಬೋತಿಕಾ ಅವಳನ್ನೇ ನೋಡಿದಳು. ದನಿ ಇಳಿಸಿ, ಬೇರೆಯವರಿಗೆ ಕೇಳದ ಹಾಗೆ ಹೇಳಿದಳು: "ಆ ಪಂಪು ಹೊಡೆದೋಳು ನಾನೇ ಅಲ್ವೇನೇ? ಬೆಳಗ್ಗೆಯಿಂದ ಸಂಜೆ ತನಕ, ಹಾಡು ಹೇಳ್ಕೊಂಡು. ನೀನು ಹೇಳೋದನ್ನ ನಂಬಿದ್ರೆ ನಾನು ಇನ್ನೆಲ್ಲಿ ಹೋಗ್ಲಿ?" ಆಮೇಲೆ ಮತ್ತೆ ಗರಿಗೆ ಬಾಯಿ ಹಾಕಿದಳು. ಅಕೆನೇತೆಗೆ ಗೊತ್ತಾಯಿತು: ಊರು ಕಿವುಡಾಗಿರುವುದು ಕೇಳಿಸದೆ ಅಲ್ಲ.

ಸಂಜೆ ಅವಳು ಚಾವಡಿಯ ಅಂಚಿನಲ್ಲಿ ಹೋಗಿ ಕೂತಳು. ಹೆಂಗಸರು ಮಾತಾಡುವ ಜಾಗವಲ್ಲ ಅದು, ಆದರೆ ತವಾಯಾ ಅಜ್ಜನಿಗೆ ಅವಳ ಮೇಲೆ ವಿಶ್ವಾಸವಿತ್ತು. ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿ ಕೇಳಿದ. ಚಾವಡಿಯಲ್ಲಿ ಕೊಟ್ಟ ಮಾತು ಒಂದು ಡಬ್ಬಿಯ ಸಲುವಾಗಿ ತಿರುಗುವುದಿಲ್ಲ ಮಗಳೇ ಎಂದ. ಆದರೆ ಕಟ್ಟು ಕಟ್ಟೇ. ಬಾವಿಯ ಮನೆಯ ಹೆಂಗಸು ಸೋಮವಾರ ಹೊತ್ತು ಹುಟ್ಟುವ ಮೊದಲು ಮೊದಲ ನೀರು ಸೇದಿ, ಜೀಗುಜ್ಜೆ ಎಲೆ ಮುಚ್ಚಿ ಇಟ್ಟಿರಲಿ. ತಾನು ಬಂದು ರುಚಿ ನೋಡಿದ ಮೇಲೇ ಪಂಪು ಇಳಿಯುತ್ತದೆ.

"ಉಪ್ಪಾಗಿದ್ರೆ ಯಾರೂ ಮುಟ್ಟಲ್ಲ," ಎಂದ. "ಸಿಹಿಯಾಗಿದ್ರೆ ಎಲ್ಲಾರದು."

ಅವಳು ಎದ್ದು ಬಂದಳು. ಆ ಮಾತು ಅವಳ ಹಿಂದೆಯೇ ಮನೆಯವರೆಗೆ ಬಂತು.

ಭಾನುವಾರದ ಪ್ರಾರ್ಥನೆಯಲ್ಲಿ ಯೋತೇಬಾ ಹಿಂದೆಂದೂ ಮಾತಾಡದ ಹಾಗೆ ಮಾತಾಡಿದ. ಬಾಯಾರಿದವನ ರೂಪದಲ್ಲಿ ಬಾಗಿಲಿಗೆ ಬರುವವರು ಯಾರು ಎಂದು ಕೇಳಿದ. ಜನ ಅತ್ತರು. ಅಕೆನೇತೆಯೂ ಅತ್ತಳು, ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲವಲ್ಲ ಎಂದು. ಅವಳೂ ಅದನ್ನೇ ನಂಬಿದವಳು. ಪಾದ್ರಿ ಹರಸಿಟ್ಟು ಹೋದ ಪರಮಪ್ರಸಾದದ ರೊಟ್ಟಿಯನ್ನು ಗಂಡನ ಕೈಯಿಂದ ತೆಗೆದುಕೊಂಡಾಗ ಒಣಗಿದ ನಾಲಗೆಯ ಮೇಲೆ ಅದು ಬಹಳ ಹೊತ್ತು ಕರಗಲಿಲ್ಲ.

ಸಂಜೆ ಬಿಸಿಲು ಇಳಿಯುವಾಗ ನಿಕುರಾದಿಂದ ಒಬ್ಬಳು ಹುಡುಗಿ ಬಂದಳು. ಎದೆಗೆ ಬಟ್ಟೆಯಲ್ಲಿ ಕಟ್ಟಿದ ಕೂಸು. ಹೆಸರು ತೆರೇತಾ ಎಂದಳು. ನಾಳೆಯವರೆಗೆ ಕಾಯುವುದಾಗಲಿಲ್ಲ, ಅದಕ್ಕೆ ಮುಂದಾಗಿ ಬಂದೆ ಎಂದು ನಾಚಿಕೊಂಡಳು. ಕೂಸು ಅಳುತ್ತಿರಲಿಲ್ಲ. ಅಕೆನೇತೆ ಅದರ ನೆತ್ತಿಯ ಮೇಲೆ ಕೈಯಿಟ್ಟಳು. ಮೆತ್ತಗಿನ ಜಾಗ ಗುಳಿ ಬಿದ್ದಿತ್ತು. ಇಗರ್ಜಿಯ ಹಿಂದಿನ ಮೂರಕ್ಕೂ ಹೀಗೇ ಆಗಿತ್ತು.

ಅವಳು ಡಬ್ಬಿ ಇಳಿಸಿದಳು. ತೆರೇತಾ ಕಟ್ಟೆಯ ಮೇಲೆ ಕೂತು, ಹತ್ತು ಡಬ್ಬಿಗೊಮ್ಮೆ ಈ ಅಕ್ಕ ಯಾಕೆ ನಿಂತು ಮಣಿ ಎಣಿಸುತ್ತಾಳೆ ಎಂದು ನೋಡಿದಳು. ಬಾಟಲಿ ಕೈಗೆ ಬಂದಾಗ ಮೊದಲು ತಾನು ಕುಡಿಯಲಿಲ್ಲ. ಬಟ್ಟೆಯ ತುದಿ ನೆನೆಸಿ ಕೂಸಿನ ಬಾಯಿಗಿಟ್ಟಳು. ಸ್ವಲ್ಪ ಹೊತ್ತಿಗೆ ಕೂಸು ಚೀಪಿತು.

"ನಿಮ್ಮೂರಲ್ಲಿ ಇಂಥಾವು ಎಷ್ಟಿವೆ?"

"ಹನ್ನೊಂದು, ಅಕ್ಕಾ. ನನ್ನದೂ ಸೇರಿ." ಆಮೇಲೆ ಮುಖ ಅರಳಿಸಿ, "ನಾಳೆ ಎಲ್ಲಾರೂ ಬರ್ತೀವಲ್ಲ. ಅಜ್ಜಂದಿರು ಹೇಳಿದಾರೆ, ಸ್ನಾನಕ್ಕೂ ಸಿಗುತ್ತಂತೆ," ಎಂದಳು.

ಅವಳು ಹೋದ ಮೇಲೆ ಅಕೆನೇತೆ ಅಲ್ಲೇ ಕೂತಳು. ಏಳು, ಹನ್ನೊಂದು. ಹದಿನೆಂಟು ಬಾಟಲಿ. ಎರಡನೆಯ ಜಾವಕ್ಕೇ ಎದ್ದರೆ, ಜಪ ತಪ್ಪಿಸದೆ ಸೇದಿದರೆ, ಹತ್ತು ದಿನ ಬಾವಿ ತಡೆಯಬಹುದು. ಸೊಂಟ ತಡೆಯುವುದೋ ಇಲ್ಲವೋ. ಎರಡೂ ಊರು ಸೇರಿ ಪಂಪು ಹೊಡೆದರೆ ಎರಡು ದಿನ. ಮೂರನೆಯ ದಿನ ತವಾಯಾ ಅಜ್ಜ ಉಗಿಯುತ್ತಾನೆ. ಆಮೇಲೆ ಏಳು ದಿನ ಹದಿನೆಂಟು ಕೂಸುಗಳಿಗೆ ಏನೂ ಇಲ್ಲ. ಹದಿನೆಂಟರಲ್ಲಿ ಒಂದು ಒಳಗೆ ಅಟ್ಟಣೆಯ ಮೇಲೆ ಮೇರೆಯ ಎದೆ ಹುಡುಕುತ್ತಿತ್ತು.

ಸೋಮವಾರ ಅವಳು ಎದ್ದಾಗ ಚುಕ್ಕಿಗಳಿನ್ನೂ ಇದ್ದವು. ಕೂಸಿನ ತುಟಿ ಮುಟ್ಟಿ ನೋಡಿದಳು. ಗಂಡನ ಅಂಗಿಗೆ ಬೂದಿ ಉಜ್ಜಿದಳು. ಅಂಗಳ ಗುಡಿಸಿದಳು, ಜನ ಬರುವ ದಿನವೆಂದು ಇನ್ನೂ ಒಪ್ಪವಾಗಿ. ಹಂದಿಗೆ ಹಾಕಿದಳು. ಒಲೆ ಹೊತ್ತಿಸಿದಳು. ಕೈಗಳು ತಮ್ಮಷ್ಟಕ್ಕೆ ತಾವು ಕೆಲಸ ಮಾಡುತ್ತಿದ್ದವು. ಬಾವಿಯ ಪಕ್ಕದಲ್ಲಿ ನಿನ್ನೆ ಗಂಡಸರು ತಂದು ಮಲಗಿಸಿದ ಪಂಪು ಇತ್ತು, ಅದರ ಉದ್ದನೆಯ ಕೊಳವೆ ಕಟ್ಟೆಗೆ ಒರಗಿತ್ತು.

ಮೊದಲ ನೀರು ಸೇದಿದಳು. ಅಲ್ಯೂಮಿನಿಯಂ ತಂಬಿಗೆಗೆ ಸುರಿದು ಒಂದು ಗುಟುಕು ಕುಡಿದಳು. ಸಿಹಿ. ಇಷ್ಟು ಸಿಹಿಯಾಗಿ ಅದು ಯಾವತ್ತೂ ಇರಲಿಲ್ಲ ಅನಿಸಿತು.

ಆಮೇಲೆ ಖಾಲಿ ಚಿಪ್ಪು ಹಿಡಿದು ಒಳಗಡಲಿನ ಕಡೆ ನಡೆದಳು.

ಇದನ್ನು ಯಾರಿಗೂ ಹೇಳುವಂತಿರಲಿಲ್ಲ. ಗಂಡನಿಗೆ ಹೇಳಿದರೆ ಅವನು ಸುಳ್ಳನ್ನು ಹೊರಲಾರ, ಪೀಠದ ಮುಂದೆ ನಿಂತು ಒಪ್ಪಿಕೊಂಡುಬಿಡುತ್ತಾನೆ. ಮೇರೆಗೆ ಹೇಳಿದರೆ ಬಾಣಂತಿಯ ಮೈಗೆ ಇನ್ನೊಂದು ಭಾರ. ಪಾದ್ರಿಯ ಮುಂದೆ ಮಂಡಿಯೂರಿ ಹೇಳಬಹುದಾಗಿತ್ತು, ಅವರ ದೋಣಿ ಬರಲು ಇನ್ನೂ ನಾಲ್ಕು ತಿಂಗಳು. ಅಲ್ಲಿಯವರೆಗೆ ಪ್ರತಿ ಭಾನುವಾರ ಗಂಡ ಪರಮಪ್ರಸಾದ ಹಿಡಿದು ಎದುರಿಗೆ ಬರುತ್ತಾನೆ. ಒಪ್ಪಿಕೊಳ್ಳದ ಪಾಪ ಹೊತ್ತು ಬಾಯಿ ತೆರೆದರೆ ಅದು ಇನ್ನೊಂದು ಪಾಪ, ತೆರೆಯದಿದ್ದರೆ ಊರೆಲ್ಲ ಯಾಕೆ ಎಂದು ಕೇಳುತ್ತದೆ.

ನೀರು ಪಾದಕ್ಕೆ ತಣ್ಣಗೆ ತಾಗಿತು. ಈಗ ನಿಕುರಾದ ಹಾದಿಯಲ್ಲಿ ಜನ ಹೊರಟಿರುತ್ತಾರೆ. ಬಕೆಟ್ಟು, ಕೊಡ, ಡಬ್ಬ, ಕೈಗೆ ಸಿಕ್ಕಿದ್ದೆಲ್ಲ ಹೊತ್ತು. ಅವರಲ್ಲಿ ಮುದುಕರಿದ್ದಾರೆ, ಕಾಯಿಲೆಯವರಿದ್ದಾರೆ. ಖಾಲಿ ಬಕೆಟ್ಟು ಹಿಡಿದು ಅದೇ ಎರಡು ಮೈಲಿ ಬಿಸಿಲಲ್ಲಿ ಹಿಂದಿರುಗುವಾಗ ಯಾರಾದರೂ ಬಿದ್ದರೆ, ಆ ಸಾವು ಪಂಪಿನದಲ್ಲ, ದೇವರದಲ್ಲ, ತನ್ನದು. ಹದಿನೇಳು ಮನೆಗೆ ಕತ್ತಲೆಯಲ್ಲಿ ಬಾಟಲಿ ಹೊರಬೇಕು, ಅದರಲ್ಲಿ ಹನ್ನೊಂದು ಎರಡು ಮೈಲಿ ಆಚೆ. ಹದಿನೇಳು ಹೆಂಗಸರ ಬಾಯಿ ಮುಚ್ಚಿರಬೇಕು. ಒಂದು ತೆರೆದರೆ, ಉಪದೇಶಿಯ ಹೆಂಡತಿ ಬಾಯಾರಿದವರ ಮುಂದೆ ಬಾವಿ ಬಚ್ಚಿಟ್ಟಳು ಎಂದು ಮೊಮ್ಮಕ್ಕಳ ಕಾಲದವರೆಗೂ ಹೇಳುತ್ತಾರೆ. ಅದು ನಿಜವೂ ಆಗಿರುತ್ತದೆ.

ತಾನು ಮಾಡುತ್ತಿರುವುದು ಒಳ್ಳೆಯದೇ ಎಂದು ಒಂದು ಸೂಚನೆ ಸಿಗಲಿ ಎಂದು ಅವಳು ನಿಂತಳು. ಗಾಳಿ ಇರಲಿಲ್ಲ. ಮೋಡ ಇರಲಿಲ್ಲ. ಮರದ ತುದಿಯಿಂದ ಯೋತೇಬಾನ ಹಾಡು ಶುರುವಾಯಿತು, ಸ್ವಲ್ಪ ಒಡಕು ದನಿ, ಮೂರು ದಿನದಿಂದ ನೀರು ಕುಡಿಯದವನ ದನಿ. ಅವಳು ಬಗ್ಗಿ ಚಿಪ್ಪು ತುಂಬಿಸಿದಳು.

ಬಾವಿಕಟ್ಟೆಗೆ ಬಂದು ತಂಬಿಗೆಗೆ ಮೊದಲು ಸ್ವಲ್ಪ ಸುರಿದಳು. ಬೆರಳಿನಿಂದ ಕಲಕಿ ನಾಲಗೆಗೆ ಇಟ್ಟು ನೋಡಿದಳು. ಸಾಲದು, ಇದನ್ನು ಸಪ್ಪೆಯುಪ್ಪು ಎಂದು ಕುಡಿದುಬಿಡುತ್ತಾರೆ. ಇನ್ನಷ್ಟು ಸುರಿದಳು. ಹೆಚ್ಚಾಗಲೂ ಬಾರದು, ಬರೀ ಕಡಲಿನ ರುಚಿ ಬಂದರೆ ಅಜ್ಜನಿಗೆ ಅನುಮಾನ ಬರುತ್ತದೆ. ಇಗರ್ಜಿಯ ಬಾವಿ ಕೊನೆಯ ದಿನ ಎಷ್ಟು ಉಪ್ಪಿತ್ತು ಎಂಬುದು ಅವಳ ನಾಲಗೆಗೆ ನೆನಪಿತ್ತು. ಮೂವತ್ತೊಂದು ವರ್ಷ ಆ ಮನೆಯ ಮೀನಿಗೆ, ಗೆಡ್ಡೆಗೆ, ಗಂಜಿಗೆ ಉಪ್ಪು ಹಾಕಿದ ಕೈ. ಯಾರೂ ಯಾವತ್ತೂ ಹೆಚ್ಚಾಯಿತು ಕಡಿಮೆಯಾಯಿತು ಎಂದಿರಲಿಲ್ಲ, ಸರಿಯಾಗಿದೆ ಎಂದೂ ಹೇಳಿರಲಿಲ್ಲ. ಮತ್ತೊಂದು ಗುಟುಕಿನಷ್ಟು ಸುರಿದು ನೋಡಿದಳು. ಈಗ ಸರಿಯಾಗಿತ್ತು.

ಹಾದಿಯ ತಿರುವಿನಲ್ಲಿ ಖಾಲಿ ಬಕೆಟ್ಟುಗಳ ಸದ್ದು ಕೇಳಿಸಿತು, ಅದರ ನಡುವೆ ಹೆಂಗಸರ ನಗು. ಅಕೆನೇತೆ ಮೀನಿನ ಡಬ್ಬಿಯ ದಾರ ಸುತ್ತಿ ಲಂಗದ ಮಡಿಕೆಗೆ ಸೇರಿಸಿದಳು. ಚಿಪ್ಪಿನಲ್ಲಿ ಉಳಿದದ್ದನ್ನು ಮರಳಿಗೆ ಚೆಲ್ಲಿದಳು. ಉದುರಿದ ಎಲೆಗಳಲ್ಲಿ ಅಗಲವಾದ ಒಂದನ್ನು ಆರಿಸಿ, ಒರೆಸಿ, ತಂಬಿಗೆಯ ಬಾಯಿಗೆ ಮುಚ್ಚಿದಳು. ಆಮೇಲೆ ಎರಡು ಕೈಯಲ್ಲೂ ಅದನ್ನು ಎತ್ತಿಕೊಂಡು, ತವಾಯಾ ಅಜ್ಜ ಬರುವ ದಾರಿಗೆ ಎದುರಾಗಿ ನಿಂತಳು.